ಹಸಿವು, ದುಡಿಮೆ, ಬೊಜ್ಜು

ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಎಂಬ ಗಾದೆ ನಮ್ಮ ಮಂಡ್ಯದ ಸೀಮೆಯಲ್ಲಿ ಕೇಳದವರಿಲ್ಲ. ಹಿಟ್ಟು ಎಂದರೆ ಇಲ್ಲಿ ರಾಗಿಯ ಮುದ್ದೆ. ತರಗತಿಯಲ್ಲಿ ಗಾದೆಗಳನ್ನು ವಿವರಿಸುವಾಗ ನಾನು ಇದನ್ನು ತಪ್ಪದೆ ಹೇಳುತ್ತಿದ್ದೆ. ಈಚೆಗೆ ಹೇಳುವುದನ್ನು ಬಿಟ್ಟಿದ್ದೇನೆ. ಗಾದೆಯ ಪೂರ್ವಾರ್ಧವೇನೋ ಹಾಗೆಯೇ ಉಳಿದಿದೆ, ಉತ್ತರಾರ್ಧ ಬಿದ್ದುಹೋಗಿದೆ. ಹಿಟ್ಟು ತಿನ್ನುವವರು ನಾವು, ಬೆಟ್ಟ ಕೀಳುವುದು ಜೆಸಿಬಿ ಯಂತ್ರ.

ಈ ಸಂಗತಿಯನ್ನು ನನಗೆ ಮೊದಲು ಮನದಟ್ಟು ಮಾಡಿಕೊಟ್ಟವನು ಒಬ್ಬ ದರ್ಜಿ. ಶ್ರೀರಂಗಪಟ್ಟಣದಲ್ಲಿ ಬಹಳ ವರ್ಷಗಳಿಂದ ನನ್ನ ಷರಾಯಿಗಳನ್ನು ಹೊಲಿಯುತ್ತಿರುವ ಆತ ಗಿರಾಕಿಗಳ ಅಳತೆಯನ್ನು ಒಂದು ಹಳೆಯ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾನೆ. ಒಂದು ದಿನ ಆ ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿದ. ನನ್ನ ಹೆಸರಿನ ಮುಂದೆ ಸೊಂಟ ೩೪ ಎಂದಿತ್ತು. ಅದನ್ನು ಹೊಡೆದು ೩೬. ಅದನ್ನೂ ಹೊಡೆದು ೩೮. "ಈ ಸಲ ನಲವತ್ತು ಬರೀಬೇಕಾಯ್ತದೆ ಮೇಷ್ಟ್ರೇ, ಪುಸ್ತಕದಲ್ಲಿ ಜಾಗ ಇಲ್ಲ" ಎಂದ. ಇಬ್ಬರೂ ನಕ್ಕೆವು. ಆರು ತಿಂಗಳ ತರುವಾಯ ವೈದ್ಯರು ರಕ್ತಪರೀಕ್ಷೆ ಮಾಡಿಸಿ ಸಕ್ಕರೆ ಕಾಯಿಲೆ ಎಂದಾಗ ನಗು ಬರಲಿಲ್ಲ.

ವೈದ್ಯರ ಮುಂದೆ ನಾನು ವಾದಿಸಿದೆ. ಪಂಡಿತರಿಗೆ ವಾದ ಸುಲಭವಾಗಿ ಬರುತ್ತದೆ. "ನಾನು ಹೆಚ್ಚು ತಿನ್ನುವವನಲ್ಲ. ಮೂವತ್ತು ವರ್ಷದ ಹಿಂದೆ ಕೃಷ್ಣರಾಜಪೇಟೆ ತಾಲ್ಲೂಕಿನ ಹಳ್ಳಿಯ ಶಾಲೆಗೆ ದಿನವೂ ಎಂಟು ಕಿಲೋಮೀಟರು ಸೈಕಲ್ ತುಳಿಯುತ್ತಿದ್ದಾಗ ಎಷ್ಟು ತಿನ್ನುತ್ತಿದ್ದೆನೋ ಈಗಲೂ ಅಷ್ಟೇ" ಎಂದೆ. ಅವರು, "ಆ ‘ಅಷ್ಟೇ’ ಎಂಬುದೇ ನಿಮ್ಮ ಕಾಯಿಲೆ" ಎಂದರು. ಸೈಕಲು ಹೋಗಿ ಮೋಟಾರು ಬೈಕು ಬಂದಾಗ ನನ್ನ ಹಸಿವು ಏಕೆ ಇಳಿಯಲಿಲ್ಲ? ದುಡಿಮೆ ಕಡಮೆಯಾದರೆ ಹಸಿವೂ ತಾನಾಗಿ ಕಡಮೆಯಾಗಬೇಕಷ್ಟೆ? ಈ ಪ್ರಶ್ನೆಯನ್ನು ಹಿಡಿದು ಓದತೊಡಗಿದೆ. ಓದಿದುದರಲ್ಲಿ ಕೆಲವನ್ನು ನಿಮ್ಮ ಮುಂದೆ ಇಡುತ್ತೇನೆ.

ದರ್ಜಿಯ ಪುಸ್ತಕದಿಂದ ಶಾಸ್ತ್ರ ಹುಟ್ಟೀತೆ ಎಂದರೆ, ಹುಟ್ಟಿದೆ. ಲಂಡನ್ ನಗರದ ಬಸ್ಸು ನೌಕರರನ್ನು ಕುರಿತು ಡಾಕ್ಟರ್ ಜೆರಿ ಮಾರಿಸ್ ಎಂಬವರು ೧೯೫೩ರಲ್ಲಿ ಒಂದು ವಿಷಯವನ್ನು ಪ್ರಕಟಿಸಿದರು. ದಿನವಿಡೀ ಕೂತು ಬಸ್ಸು ನಡೆಸುವ ಡ್ರೈವರುಗಳಿಗಿಂತ, ಎರಡು ಅಂತಸ್ತಿನ ಬಸ್ಸಿನಲ್ಲಿ ನೂರಾರು ಮೆಟ್ಟಿಲು ಹತ್ತಿಳಿದು ಟಿಕೆಟು ಕೊಡುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಮೆ ಎಂದು. ೧೯೫೬ರಲ್ಲಿ ಅವರು ನೌಕರರ ಸಮವಸ್ತ್ರದ ಅಳತೆಗಳನ್ನೇ ತರಿಸಿ ನೋಡಿದರು. ಡ್ರೈವರುಗಳ ಷರಾಯಿಯ ಸೊಂಟ ಕಂಡಕ್ಟರುಗಳದಕ್ಕಿಂತ ಅಗಲವಾಗಿತ್ತು. ಆದರೆ ಇಲ್ಲೊಂದು ತೊಡಕುಂಟು. ತರುಣ ವಯಸ್ಸಿನ ಡ್ರೈವರುಗಳಲ್ಲೂ ಈ ವ್ಯತ್ಯಾಸ ಆಗಲೇ ಕಾಣುತ್ತಿತ್ತು. ಕೂತದ್ದರಿಂದ ದಪ್ಪಗಾದರೋ, ದಪ್ಪಗಿದ್ದವರೇ ಕೂರುವ ಕೆಲಸಕ್ಕೆ ಬಂದರೋ? ಮಾರಿಸರು ತಮ್ಮ ಅಂಕಿಗಳಿಂದ ಎದ್ದ ಈ ಸಂಶಯವನ್ನು ಮುಚ್ಚಿಡಲಿಲ್ಲ. ಆ ಪ್ರಾಮಾಣಿಕತೆಯನ್ನು ನಾನು ಮೆಚ್ಚುತ್ತೇನೆ.

ನನ್ನ ಪ್ರಶ್ನೆಗೆ ಇನ್ನೂ ಹತ್ತಿರವಾದ ಪರಿಶೋಧನೆ ನಡೆದದ್ದು ನಮ್ಮ ದೇಶದಲ್ಲಿಯೇ. ಮಂಡ್ಯದ ಸಕ್ಕರೆ ಕಾರ್ಖಾನೆಯನ್ನೋ ಪಾಂಡವಪುರದ ಕಾರ್ಖಾನೆಯನ್ನೋ ನೆನೆದುಕೊಳ್ಳಿ. ಒಬ್ಬ ಮೂಟೆ ಹೊರುತ್ತಾನೆ, ಒಬ್ಬ ಯಂತ್ರದ ಮುಂದೆ ನಿಲ್ಲುತ್ತಾನೆ, ಒಬ್ಬ ತೂಕದ ಚೀಟಿ ಬರೆಯುತ್ತಾನೆ, ಗೇಟಿನ ಹೊರಗೆ ಒಬ್ಬ ಅಂಗಡಿಯಿಟ್ಟುಕೊಂಡು ಕೂತಿರುತ್ತಾನೆ. ಇಂಥದೇ ಒಂದು ಸೆಣಬಿನ ಗಿರಣಿ ಕಲ್ಕತ್ತೆಯ ಬಳಿ ಹೂಗ್ಲಿ ನದಿಯ ದಂಡೆಯ ಚೆಂಗೈಲ್ ಎಂಬಲ್ಲಿತ್ತು. ಜಾನ್ ಮೇಯರ್ ಎಂಬ ಪೌಷ್ಟಿಕಾಹಾರ ವಿಜ್ಞಾನಿ ಬಂಗಾಳದ ಸಂಶೋಧಕರೊಡನೆ ಸೇರಿ ಅಲ್ಲಿನ ೨೧೩ ಜನರ ತೂಕವನ್ನೂ ಆಹಾರವನ್ನೂ ಲೆಕ್ಕಹಾಕಿ ೧೯೫೬ರಲ್ಲಿ ಪ್ರಕಟಿಸಿದರು. ಹಗುರ ಕೆಲಸದವರಿಂದ ಹಿಡಿದು ಹೊರೆ ಹೊರುವವರ ತನಕ ನೋಡಿದರೆ ಲೆಕ್ಕ ಸರಿಯಾಗಿತ್ತು: ದುಡಿಮೆ ಏರಿದಂತೆ ಊಟವೂ ಏರುತ್ತಿತ್ತು, ತೂಕ ಮಾತ್ರ ಹೆಚ್ಚು ಕಡಮೆ ಒಂದೇ ಸಮನಾಗಿತ್ತು. ಆದರೆ ಅಂಗಡಿಯಲ್ಲಿ ಕೂತವರು, ಮೇಲ್ವಿಚಾರಕರು ಮೊದಲಾದ, ಮೈ ಅಲುಗದ ಗುಂಪಿಗೆ ಬಂದಾಗ ಲೆಕ್ಕ ತಲೆಕೆಳಗಾಯಿತು. ಅವರು ಎಲ್ಲರಿಗಿಂತ ಕಡಮೆ ಉಣ್ಣಬೇಕಿತ್ತು. ಅದರ ಬದಲು ಅತ್ಯಂತ ಕಷ್ಟದ ಕೆಲಸ ಮಾಡುವವರ ಸಮಕ್ಕೆ ಉಣ್ಣುತ್ತಿದ್ದರು. ತೂಕದಲ್ಲಿ ಎಲ್ಲರನ್ನೂ ಮೀರಿಸಿದ್ದರು.

ಅಂಗಡಿಯವನು ಮೊದಲೇ ದಪ್ಪಗಿದ್ದನೋ ಏನೋ ಎಂಬ ಲಂಡನ್ನಿನ ಸಂಶಯವನ್ನು ಇಲ್ಲಿಯೂ ಎತ್ತಬಹುದು. ಆದರೆ ಮೇಯರ್ ಅವರು ಇದಕ್ಕೆ ಎರಡು ವರ್ಷ ಮೊದಲು, ೧೯೫೪ರಲ್ಲಿ, ಇಲಿಗಳ ಮೇಲೆ ಇದೇ ಪರೀಕ್ಷೆ ಮಾಡಿದ್ದರು. ಇಲಿ ತನ್ನ ಉದ್ಯೋಗವನ್ನು ತಾನೇ ಆರಿಸಿಕೊಳ್ಳುವುದಿಲ್ಲವಷ್ಟೆ. ಯಾವುದು ಓಡಬೇಕು, ಎಷ್ಟು ಓಡಬೇಕು ಎಂಬುದನ್ನು ಪರೀಕ್ಷಕರೇ ನಿರ್ಣಯಿಸುತ್ತಾರೆ. ಪಂಜರದಲ್ಲಿ ಸುಮ್ಮನಿದ್ದ ಇಲಿಗಳಿಗಿಂತ ದಿನಕ್ಕೆ ಒಂದು ಗಂಟೆಯೊಳಗೆ ಓಡಿದ ಇಲಿಗಳು ಹೆಚ್ಚು ತಿನ್ನಲಿಲ್ಲ; ತುಸು ಕಡಮೆಯೇ ತಿಂದವು, ತೂಕವೂ ಇಳಿಯಿತು. ಅದಕ್ಕೂ ಹೆಚ್ಚು ಓಡಿಸಿದಾಗ ಓಟಕ್ಕೆ ತಕ್ಕಂತೆ ತಿಂದು ತೂಕವನ್ನು ಕಾಪಾಡಿಕೊಂಡವು. ಸುಸ್ತಾಗಿ ಬೀಳುವಷ್ಟು ಓಡಿಸಿದರೆ ತಿನ್ನಲಾರದೆ ಸೊರಗಿದವು. ಹಸಿವೆಂಬ ಗುಮಾಸ್ತ ದುಡಿಮೆಯ ಒಂದು ಮಟ್ಟದಿಂದ ಮೇಲಕ್ಕೆ ಕರಾರುವಾಕ್ಕಾಗಿ ಲೆಕ್ಕ ಬರೆಯುತ್ತಾನೆ, ಆ ಮಟ್ಟಕ್ಕಿಂತ ಕೆಳಗೆ ಹೋದರೆ ಲೆಕ್ಕದ ಪುಸ್ತಕವನ್ನೇ ಮುಚ್ಚಿಬಿಡುತ್ತಾನೆ ಎಂದು ತೋರುತ್ತದೆ.

ಇದನ್ನೆಲ್ಲ ಓದಿದ ಹುರುಪಿನಲ್ಲಿ ನಾಗಮಂಗಲದ ಕಡೆಯ ನಮ್ಮ ಹಳ್ಳಿಗೆ ಹೋದಾಗ ತಾಯಿಯವರ ಮುಂದೆ ಇಲಿ, ಗಿರಣಿ ಎಲ್ಲವನ್ನೂ ವರ್ಣಿಸಿದೆ. ಎಂಬತ್ತರ ಹತ್ತಿರದ ಅವರು ಅವರೆಕಾಯಿ ಸುಲಿಯುತ್ತ ಕೇಳಿ, "ನಡ್ದೋನ್ಗೆ ಹೊಟ್ಟೆ ಕೇಳ್ತದೆ ಕಣಪ್ಪ, ಕುಂತೋನ್ಗೆ ಬಾಯಿ ಕೇಳ್ತದೆ. ಇದ್ಕೆ ಇಲಿ ಯಾಕೆ?" ಎಂದರು.

ಬಾಯಿ ಕೇಳುವುದಕ್ಕೂ ಹೊಟ್ಟೆ ಕೇಳುವುದಕ್ಕೂ ನಮ್ಮ ಭಾಷೆಯಲ್ಲಿ ಬೇರೆ ಬೇರೆ ಮಾತುಗಳಿವೆ: ಒಂದು ಬಾಯಿಚಪಲ, ಇನ್ನೊಂದು ಹಸಿವು. ಚರಕಸಂಹಿತೆಯ ಸೂತ್ರಸ್ಥಾನದ ೨೧ನೆಯ ಅಧ್ಯಾಯದಲ್ಲಿ ಇನ್ನೂ ಸೂಕ್ಷ್ಮವಾದ ವಿಚಾರವಿದೆ. ಅತಿಸ್ಥೂಲನಿಗೆ ಮೇದಸ್ಸು ದಾರಿಗಳನ್ನು ಕಟ್ಟುವುದರಿಂದ ವಾಯು ಹೊಟ್ಟೆಯಲ್ಲಿಯೇ ಸುಳಿದು ಅಗ್ನಿಯನ್ನು ಕೆರಳಿಸುತ್ತದೆ, ಆದುದರಿಂದ ಅವನಿಗೆ ಉಂಡದ್ದು ಬೇಗ ಜೀರ್ಣವಾಗಿ ಮತ್ತೆ ಮತ್ತೆ ಆಹಾರ ಬೇಕೆನ್ನಿಸುತ್ತದೆ ಎಂದು ಅಲ್ಲಿ ಹೇಳಿದೆ. ದಪ್ಪಗಿರುವವನು ತಿನ್ನುವುದು ಆಸೆಬುರುಕತನದಿಂದಲ್ಲ, ಅವನ ಹಸಿವಿನ ವ್ಯವಸ್ಥೆಯೇ ಕೆಟ್ಟಿದೆ ಎಂಬುದು ಇದರ ತಾತ್ಪರ್ಯ. ಆ ಕಾಲದ ಶರೀರಕ್ರಿಯೆಯ ವಿವರಣೆಯನ್ನು ಇಂದು ಒಪ್ಪಬೇಕಾಗಿಲ್ಲ. ಆದರೂ ರೋಗಿಯನ್ನು ಹೀಯಾಳಿಸದೆ ಕಾರಣ ಹುಡುಕಿದ ರೀತಿಯನ್ನು ನಾವು ಕಲಿಯಬೇಕು. ಮದುವೆಯ ಮನೆಯಲ್ಲಿ ಎಲೆಯ ಮುಂದೆ ಕೂತ ದಪ್ಪನೆಯ ಹುಡುಗಿಯನ್ನು ನಾಲ್ಕು ಜನರ ಎದುರಿಗೆ ಆಡಿಕೊಳ್ಳುವ ನಮ್ಮವರಿಗೆ ಈ ಮಾತು ಮುಟ್ಟಲಿ.

ಇಂದಿನ ವಿಜ್ಞಾನ ಹಸಿವಿನ ದೂತರನ್ನು ಒಬ್ಬೊಬ್ಬರನ್ನಾಗಿ ಗುರುತಿಸಿದೆ. ೧೯೯೪ರಲ್ಲಿ ಅಮೆರಿಕದ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಕೊಬ್ಬಿನ ಕೋಶಗಳಿಂದ ಹೊರಟು "ದಾಸ್ತಾನು ಸಾಕಷ್ಟಿದೆ" ಎಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಎಂಬ ರಸವನ್ನು ಕಂಡುಹಿಡಿದರು. ೧೯೯೯ರಲ್ಲಿ ಜಪಾನಿನ ವಿಜ್ಞಾನಿಗಳು ಜಠರದಿಂದ ಹೊರಟು ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬುದನ್ನು ಕಂಡರು. ಬಿರುಸಾಗಿ ಓಡಿದ ಮೇಲೆ ಸ್ವಲ್ಪ ಹೊತ್ತು ಊಟ ಬೇಡವೆನ್ನಿಸುವುದು ಎಲ್ಲರ ಅನುಭವ; ಆಗ ಗ್ರೆಲಿನ್ ಇಳಿದಿರುತ್ತದೆ. ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು ಇಂಗ್ಲೆಂಡಿನಿಂದ ೨೦೦೨ರಲ್ಲಿ ಪ್ರಕಟವಾದ ಒಂದು ಸರಳ ಪರೀಕ್ಷೆ. ವ್ಯಾಯಾಮದ ಅಭ್ಯಾಸವುಳ್ಳವರು, ಇಲ್ಲದವರು ಎಂಬ ಎರಡು ಗುಂಪು. ಊಟಕ್ಕೆ ಮುಂಚೆ ಒಂದು ದಿನ ಹೆಚ್ಚು ಶಕ್ತಿಯ, ಇನ್ನೊಂದು ದಿನ ಕಡಮೆ ಶಕ್ತಿಯ ಆಹಾರವನ್ನು ಇಬ್ಬರಿಗೂ ಕೊಟ್ಟರು. ತರುವಾಯ ಬೇಕಾದಷ್ಟು ಉಣ್ಣಲು ಬಿಟ್ಟರು. ವ್ಯಾಯಾಮದವರು ಮೊದಲು ಹೆಚ್ಚು ಒಳಸೇರಿದ ದಿನ ಊಟದಲ್ಲಿ ತಾವಾಗಿಯೇ ಕಡಮೆ ಮಾಡಿಕೊಂಡರು. ಕೂತಿರುವ ಅಭ್ಯಾಸದವರು ಎರಡು ದಿನವೂ ಹೆಚ್ಚು ಕಡಮೆ ಒಂದೇ ಸಮ ಉಂಡರು. ನನ್ನ ‘ಅಷ್ಟೇ’ಗೆ ಇದಕ್ಕಿಂತ ಒಳ್ಳೆಯ ಭಾಷ್ಯ ನನಗೆ ಸಿಕ್ಕಿಲ್ಲ.

ಹಾಗಾದರೆ ದಿನಾ ನಡೆದರೆ ಬೊಜ್ಜು ಕರಗುತ್ತದೆ ಎಂದು ಹೇಳಿಬಿಡಬಹುದೆ? ಹೇಳಲಾಗದು. ಅರ್ಧ ಗಂಟೆ ಸಾಧಾರಣ ವೇಗದಲ್ಲಿ ನಡೆದರೆ ಖರ್ಚಾಗುವುದು ನೂರು, ನೂರಿಪ್ಪತ್ತು ಕ್ಯಾಲೊರಿ. ಕಾವೇರಿಯ ದಂಡೆಯಲ್ಲಿ ಅಷ್ಟು ನಡೆದು, ಬರುವಾಗ ಹೋಟಲಿನಲ್ಲಿ ಒಂದು ಮದ್ದೂರು ವಡೆಯನ್ನೂ ಒಂದು ಲೋಟ ಸಕ್ಕರೆ ಹಾಕಿದ ಕಾಫಿಯನ್ನೂ ತೆಗೆದುಕೊಂಡರೆ ಜಮೆ ಖರ್ಚನ್ನು ಮೀರಿತು. ನನ್ನ ಸ್ನೇಹಿತರೊಬ್ಬರು ಬೆಳಗಿನ ನಡಿಗೆಯನ್ನು ಆರಂಭಿಸಿದ್ದೇ ಆ ವಡೆಯ ಆಸೆಗೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ದಪ್ಪಗಿರುವವರಿಗೆ ಹನ್ನೆರಡು ವಾರ ಮೇಲ್ವಿಚಾರಣೆಯಲ್ಲಿ ವ್ಯಾಯಾಮ ಮಾಡಿಸಿ ನೋಡಿದರು; ೨೦೦೮ರಲ್ಲಿ ಅದರ ಫಲ ಪ್ರಕಟವಾಯಿತು. ಕೆಲವರು ಬಹಳ ಇಳಿದರು, ಕೆಲವರು ಇಳಿಯಲೇ ಇಲ್ಲ, ತೂಕ ಏರಿದವರೂ ಇದ್ದರು. ಇಳಿಯದವರು ಊಟದಲ್ಲಿ ಸರಿದೂಗಿಸಿಕೊಂಡಿದ್ದರು. ಆಫ್ರಿಕದ ಟಾಂಜಾನಿಯದಲ್ಲಿ ಬೇಟೆಯಾಡಿ ಗೆಡ್ಡೆ ಅಗೆದು ಬದುಕುವ ಹಾಡ್ಜಾ ಜನರನ್ನು ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು ಪರೀಕ್ಷಿಸಿ ೨೦೧೨ರಲ್ಲಿ ಬರೆದದ್ದು ಇನ್ನೂ ವಿಚಿತ್ರ. ದಿನವೆಲ್ಲ ಅಲೆಯುವ ಆ ಜನರ ಒಟ್ಟು ಶಕ್ತಿಯ ವೆಚ್ಚ, ದೇಹದ ಗಾತ್ರವನ್ನು ಗಣಿಸಿದರೆ, ಕುರ್ಚಿಯ ಮೇಲೆ ಕೂತ ಪಾಶ್ಚಾತ್ಯರ ವೆಚ್ಚದಷ್ಟೇ ಇತ್ತು! ಒಂದು ಕಡೆ ಖರ್ಚು ಹೆಚ್ಚಿದರೆ ಶರೀರ ಇನ್ನೊಂದು ಕಡೆ ಕೈ ಬಿಗಿ ಹಿಡಿಯುತ್ತದೆ ಎಂದು ಅವರ ಊಹೆ. ಈ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಮುಗಿದಿಲ್ಲ. ಏನಿದ್ದರೂ ವ್ಯಾಯಾಮವನ್ನು ಬರಿಯ ಕೊಬ್ಬು ಸುಡುವ ಒಲೆಯೆಂದು ತಿಳಿಯುವುದು ತಪ್ಪು. ಅದರ ಮುಖ್ಯ ಕೆಲಸ ಹಸಿವಿನ ಗುಮಾಸ್ತನನ್ನು ಎಚ್ಚರವಾಗಿಡುವುದು ಎಂಬುದು ನನ್ನ ಅಭಿಪ್ರಾಯ.

ಅವನು ನಿದ್ದೆಹೋದರೆ ಏನಾಗುತ್ತದೆಂಬುದಕ್ಕೆ ನಮ್ಮ ಗರಡಿಯ ಪೈಲ್ವಾನರೇ ಸಾಕ್ಷಿ. ಶ್ರೀರಂಗಪಟ್ಟಣದಲ್ಲಿಯೂ ಮೈಸೂರಿನಲ್ಲಿಯೂ ಗರಡಿಮನೆಗಳಿಗೆ ಹೋಗಿ ನೋಡಿದವರಿಗೆ ಇದು ಗೊತ್ತು. ನೂರಾರು ದಂಡ, ಬಸ್ಕಿ ಹೊಡೆಯುವ ವಯಸ್ಸಿನಲ್ಲಿ ಹಾಲು, ತುಪ್ಪ, ಬಾದಾಮಿ ಎಲ್ಲವೂ ಮೈಗೆ ಹತ್ತಿ ಕಲ್ಲಿನಂತಾಗುತ್ತದೆ. ಸಾಮು ನಿಲ್ಲುತ್ತದೆ, ಹಾಲು ತುಪ್ಪ ನಿಲ್ಲುವುದಿಲ್ಲ. ಐದು ವರ್ಷದಲ್ಲಿ ಉಸ್ತಾದರು ಗುರುತು ಸಿಗದಂತಾಗುತ್ತಾರೆ.

ಪೈಲ್ವಾನನಿಗಾದದ್ದು ನಮ್ಮ ನಾಲ್ಕು ತಾಲ್ಲೂಕಿಗೇ ಆಗಿದೆ. ನಾಗಮಂಗಲದ ನೆರೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ವಿಭಾಗದವರು, ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ, ೧೯೭೦ರ ದಶಕದ ಕೊನೆಯ ಹೊತ್ತಿಗೆ ಮನೆಮನೆಯ ದುಡಿಮೆಯನ್ನು ಅಳೆದರು. ಸೌದೆಗಾಗಿ ಒಂದೊಂದು ಮನೆಯವರು ದಿನಕ್ಕೆ ಸರಾಸರಿ ಎರಡೂವರೆ ಗಂಟೆ ಕಳೆದು ಐದು ಕಿಲೋಮೀಟರಿನಷ್ಟು ನಡೆಯುತ್ತಿದ್ದರು. ನೀರಿಗಾಗಿ ಇನ್ನೊಂದು ಒಂದೂವರೆ ಗಂಟೆ. ಆ ದಶಕದಲ್ಲಿ ನಮ್ಮ ಹಳ್ಳಿಯಲ್ಲಿ ನಾನು ಚಡ್ಡಿ ಹಾಕಿಕೊಂಡು ತಾಯಿಯವರ ಹಿಂದೆ ಬಾವಿಗೆ ಓಡುತ್ತಿದ್ದ ಹುಡುಗ. ನಾವು ಬೇರೆ ರೀತಿ ಬಾಳಲಿಲ್ಲ. ಬೀಸುವುದು, ಕುಟ್ಟುವುದು, ರುಬ್ಬುವುದು ಇದಕ್ಕೆ ಸೇರಿ. ಮಳೆಯನ್ನು ನೆಚ್ಚಿದ ರಾಗಿ ಹುರುಳಿಯ ಹೊಲದ ಕೆಲಸ ಬೇರೆ.

ಇಂದು ನಲ್ಲಿಯಿದೆ, ಗ್ಯಾಸಿದೆ, ಮಿಕ್ಸಿಯಿದೆ. ಪಾಂಡವಪುರ, ಶ್ರೀರಂಗಪಟ್ಟಣಗಳ ನಾಲೆಯ ಬಯಲಿನಲ್ಲಿ ಉಳುವುದಕ್ಕೆ ಟ್ರಾಕ್ಟರು, ಕೊಯ್ಲಿಗೂ ಯಂತ್ರ. ಗದ್ದೆಯ ಬದುವಿನ ತನಕ ಬೈಕು ಹೋಗುತ್ತದೆ. ಇದನ್ನು ಹಳಿದರೆ ಅಧರ್ಮವಾದೀತು. ಆ ಕಾಲ ಮತ್ತೆ ಬರಲಿ ಎಂದು ನಾನೇನಾದರೂ ಹೇಳಿದರೆ ಮೊದಲು ಬಾಗಿಲು ಹಾಕಿಕೊಳ್ಳುವವರು ನನ್ನ ತಾಯಿ. ನೀರಿನ ಕೊಡ ಇಳಿಸಿದ ಮೇಲೆ ಅವರು ಸೊಂಟ ಹಿಡಿದು ನಿಲ್ಲುತ್ತಿದ್ದುದು ನನಗೆ ಮರೆತಿಲ್ಲ. ಆದರೆ ಕೊಡ ಇಳಿಸಿದವರಿಗೆ ಬೇರೇನು ಕೊಟ್ಟೆವು? ಪಟ್ಟಣದಲ್ಲಿ ಗಂಡಸರು ಬೆಳಗ್ಗೆ ಷೂ ಹಾಕಿಕೊಂಡು ಹೊರಟರೆ ಆರೋಗ್ಯದ ಕಾಳಜಿ ಎನ್ನುತ್ತೇವೆ. ಸೊಸೆ ಸಂಜೆ ಅರ್ಧ ಗಂಟೆ ನಡೆಯಲು ಹೊರಟರೆ ಮನೆಯಲ್ಲಿ ಕೆಲಸವಿಲ್ಲವೆ ಎಂದು ಬೀದಿಯೇ ಕೇಳುತ್ತದೆ. ೨೦೧೫-೧೬ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರ ಪೈಕಿ ನೂರಕ್ಕೆ ೨೩ ಮಂದಿ ಅಧಿಕ ತೂಕದವರಿದ್ದರು. ೨೦೧೯-೨೧ರ ಸಮೀಕ್ಷೆಯ ವೇಳೆಗೆ ೩೦ ಮಂದಿ. ಗಂಡಸರ ಅಂಕಿಯೂ ಅದರ ಪಕ್ಕದಲ್ಲೇ ಇದೆ.

ತೂಕದ ಯಂತ್ರವನ್ನು ಮಾತ್ರ ನಂಬುವವರಿಗೆ ಒಂದು ಎಚ್ಚರಿಕೆಯನ್ನು ಹೇಳಬೇಕು. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಯುಡ್ಕಿನ್ ೨೦೦೪ರಲ್ಲಿ ತಮ್ಮದೇ ಚಿತ್ರವನ್ನು ಅಕ್ಕಪಕ್ಕ ಅಚ್ಚುಹಾಕಿಸಿದರು. ಇಬ್ಬರದೂ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಒಂದೇ, ೨೨.೩. ಕೊಬ್ಬಿನ ಪಾಲು ಮಾತ್ರ ಯುಡ್ಕಿನ್ನರಲ್ಲಿ ನೂರಕ್ಕೆ ೯, ಯಾಜ್ಞಿಕರಲ್ಲಿ ೨೧. ನೋಡಲು ತೆಳ್ಳಗಿರುವ ಭಾರತೀಯನಲ್ಲೂ ಮಾಂಸ ಕಡಮೆ, ಕೊಬ್ಬು ಹೆಚ್ಚು ಇರಬಹುದು. ಇದರ ಬೇರು ಹುಟ್ಟಿಗೆ ಹೋಗುತ್ತದೆಯೆ ಎಂದು ನಮ್ಮ ಮಗ್ಗುಲಿನ ಮೈಸೂರಿನಲ್ಲಿಯೇ ನೋಡಿದ್ದಾರೆ. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ ೧೯೩೪ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದಗಳ ದಾಖಲೆ ಉಳಿದಿತ್ತು. ಆ ಶಿಶುಗಳು ನಡುವಯಸ್ಕರಾದ ಮೇಲೆ ೧೯೯೦ರ ದಶಕದಲ್ಲಿ ಹುಡುಕಿ ಪರೀಕ್ಷಿಸಿದರು. ಸಣ್ಣ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚಾಗಿ ಕಂಡಿತು. ಆದಕಾರಣ ನಮ್ಮವರು ತೂಕಕ್ಕಿಂತ ಸೊಂಟವನ್ನು ಅಳೆಯುವುದು ಲೇಸು. ಗಂಡಸರಿಗೆ ೯೦ ಸೆಂಟಿಮೀಟರು, ಹೆಂಗಸರಿಗೆ ೮೦ ಸೆಂಟಿಮೀಟರು ಮೇರೆ ಎಂದು ಇಟ್ಟಿದ್ದಾರೆ. ನನ್ನ ದರ್ಜಿಯ ೪೦ ಇಂಚು ಎಂದರೆ ನೂರಕ್ಕೂ ಮೇಲೆ!

ಇಷ್ಟು ಹೇಳಿ ಒಂದು ತಪ್ಪೊಪ್ಪಿಗೆಯನ್ನು ಬಿಟ್ಟರೆ ಮೋಸವಾಗುತ್ತದೆ. ಹತ್ತನೆಯ ತರಗತಿಯ ಆಟದ ಪೀರಿಯಡ್ಡುಗಳನ್ನು ನಾನು ಬಹಳ ವರ್ಷ ತೆಗೆದುಕೊಂಡಿದ್ದೇನೆ. ವ್ಯಾಯಾಮದ ಮೇಷ್ಟರು ಸಂಕೋಚದವರು, ಎದುರು ಹೇಳುತ್ತಿರಲಿಲ್ಲ. ಪಾಠ ಉಳಿದಿದೆ, ಪರೀಕ್ಷೆ ಹತ್ತಿರ ಬಂತು ಎಂಬುದು ನನ್ನ ಸಮಾಧಾನ. ಡಿಸೆಂಬರಿನಿಂದ ಮಾರ್ಚಿಯವರೆಗೆ ಆ ಮಕ್ಕಳು ಬಸ್ಸಿನಿಂದ ಇಳಿದು ಬೆಂಚಿಗೆ, ಬೆಂಚಿನಿಂದ ಎದ್ದು ಮನೆಪಾಠಕ್ಕೆ. ಅವರಿಗೆ ಸಂಧಿ ಸಮಾಸಗಳನ್ನು ಕಲಿಸಿದೆ. ಹಸಿವಿನ ಲೆಕ್ಕ ಕಲಿಯಬೇಕಾದ ವಯಸ್ಸಿನಲ್ಲಿ ಕೂರುವುದನ್ನೂ ನಾನೇ ಕಲಿಸಿದೆ. ಎರಡು ವರ್ಷದಿಂದ ಆ ಪೀರಿಯಡ್ಡನ್ನು ಮುಟ್ಟಿಲ್ಲ. ಕನ್ನಡದ ಫಲಿತಾಂಶ ಅದರಿಂದ ಕೆಟ್ಟಿಲ್ಲ.

ನನ್ನ ಸ್ವಂತ ವಿಷಯವನ್ನೂ ಹೇಳುತ್ತೇನೆ. ವೈದ್ಯರ ಮಾತ್ರೆ ನಡೆಯುತ್ತಿದೆ. ಅದನ್ನು ಬಿಡಲು ಯಾರೂ ಈ ಭಾಷಣವನ್ನು ಆಧಾರ ಮಾಡಿಕೊಳ್ಳಬಾರದು. ಶಾಲೆಗೆ ಹೋಗುವುದು ಮತ್ತೆ ಸೈಕಲಿನಲ್ಲಿ. ರಾತ್ರಿ ಎರಡು ಮುದ್ದೆಯ ಜಾಗದಲ್ಲಿ ಒಂದು, ಉಪ್ಪುಸಾರಿನ ಸೊಪ್ಪು ಮಾತ್ರ ಎರಡರಷ್ಟು. ಭಾನುವಾರ ಕರೀಘಟ್ಟದ ಮೆಟ್ಟಿಲು ಹತ್ತುತ್ತೇನೆ. ಮನೆಯಾಕೆಯೂ ಬರುತ್ತಾಳೆ, ಈಗೀಗ ನನಗಿಂತ ಮುಂದೆ. ಮೊದಲ ಎರಡು ತಿಂಗಳು ಒಂದು ಮುದ್ದೆ ಸಾಲದೆ ಒದ್ದಾಡಿದೆ. ಮೂರನೆಯ ತಿಂಗಳಲ್ಲಿ ಒಂದು ರಾತ್ರಿ, ಹಿಟ್ಟು ಎಲೆಯಲ್ಲಿ ಇನ್ನೂ ಕಾಲುಭಾಗ ಇರುವಾಗಲೇ, ಸಾಕು ಎನ್ನಿಸಿತು. ಮೂವತ್ತು ವರ್ಷದ ಮೇಲೆ ಆ ಮಾತನ್ನು ಹೊಟ್ಟೆಯೇ ಹೇಳಿತ್ತು. ತೂಕ ಇಳಿದದ್ದು ಮೂರೇ ಕಿಲೋ. ಕಳೆದ ಯುಗಾದಿಗೆ ದರ್ಜಿಯ ಹತ್ತಿರ ಹೋದಾಗ ಆತ ಟೇಪು ಹಿಡಿದು ನೋಡಿ, ೪೦ ಎಂದು ಬರೆದದ್ದನ್ನು ಹೊಡೆದು, ಪುಸ್ತಕದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ೩೭ ಎಂದು ಬರೆದುಕೊಂಡ.